ಎರಡಕ್ಕೂ ಮೂರಕ್ಕೂ ನಡುವೆ

ಓಹಾಯೋದ ಹ್ಯಾಲೊವೆಲ್ ಕೌಂಟಿ ಕೋರ್ಟಿನಲ್ಲಿ
ಮೂವತ್ತೊಂದು ವರ್ಷ ಲಿಫ್ಟಿನ ಹಿತ್ತಾಳೆ ಹಿಡಿಕೆ
ತಿರುಗಿಸಿದವನು ನಾನು, ಲೂಷಿಯಸ್ ಬ್ರ್ಯಾಗ್.
ಮೇಲೆ ಹೋದವರು ಗೊತ್ತು,
ಇಳಿಯುವಾಗ ಮುಖ ಹೇಗಿತ್ತೆಂಬುದೂ ಗೊತ್ತು.

ಆರ್ಡೆಲ್ಲಾ ಮೇಹ್ಯೂ ಮೊದಲ ಸಲ ಹತ್ತಿದ್ದು
ಐವತ್ತೆರಡರ ಚಳಿಯಲ್ಲಿ. ತೋಳಿಗೆ ಮೀರಿದ ಕಡತ,
ಹಿಮ್ಮಡಿ ಸವೆದ ಬೂಟು.
"ಯಾವ ಮಹಡಿ ಗುಡಿಸಬೇಕಮ್ಮಾ?" ಅಂದುಬಿಟ್ಟೆ.
ಅಂದವನು ನಾನೇ, ಅವಳದೇ ಬಣ್ಣದವನು.
"ಮೂರನೆಯದು," ಅಂದಳು, "ಕಸ ಬಹಳ ಇದೆಯಂತೆ."
ಆ ಮಾತು ಮೀನಿನ ಮುಳ್ಳಿನ ಹಾಗೆ
ಇವತ್ತಿಗೂ ಗಂಟಲಲ್ಲಿದೆ.

ಒಂಬತ್ತು ವರ್ಷ ಕಳೆದು ಕಪ್ಪು ನಿಲುವಂಗಿ ತೊಟ್ಟಳು.
ಆ ಪೀಠದಲ್ಲಿ ನಮ್ಮ ಪೈಕಿ ಮೊದಲಿಗಳು, ಹೆಂಗಸರ ಪೈಕಿಯೂ.
ಪತ್ರಿಕೆಯವರು ಬಂದು ಬಲ್ಬು ಮಿಂಚಿಸಿ ಹೋದರು.
ಅವರಿಗೆ ಕಾಣದ್ದು: ಕುರ್ಚಿ ಮಾಡಿಸಿದ್ದು ಆರಡಿ ಆಳಿಗೆ,
ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.
ಗಾಜಿನ ಕಾರ್ಖಾನೆಯದೊಂದು ಮರದ ಪೆಟ್ಟಿಗೆ
ನಾನೇ ತಂದು ಮೇಜಿನಡಿ ಇಟ್ಟೆ.
"ಒಡೆಯುವ ವಸ್ತು, ಜೋಪಾನ" ಎಂದು ಅದರ ಮೇಲೆ ಅಚ್ಚು.
ಓದಿದಳು, ನಕ್ಕಳು. ತಿರುಗಿಸಿ ಇಡಲಿಲ್ಲ.

ಜಡ್ಜರ ಮಹಡಿಯಲ್ಲಿ ಹೆಂಗಸರಿಗೆ ಪಾಯಿಖಾನೆ ಇರಲಿಲ್ಲ.
ಹನ್ನೊಂದು ವರ್ಷ, ದಿನಕ್ಕೆ ಮೂರು ಸಲ,
ನೆಲಮಾಳಿಗೆಗೆ ಇಳಿದಳು. ಬಾಯ್ಲರ್ ಪಕ್ಕ
ಗುಡಿಸುವವರ ಜೊತೆ ಸಾಲು ನಿಂತಳು.
ಯಾರ ಬಾಡಿಗೆ ಬಾಕಿ, ಯಾರ ಹುಡುಗ ಸೈನ್ಯಕ್ಕೆ,
ಊರಿನ ಅಹವಾಲು ಅವಳು ಕೇಳಿದ್ದು ಅಲ್ಲಿ.
ನಾಲ್ಕು ಅರ್ಜಿ ಬರೆದಳು. ಐದನೆಯದಕ್ಕೆ ನಲ್ಲಿ ಬಂತು.

ಒಂದು ಮಂಗಳವಾರ.
ವೈನೋನಾಳ ಮಗ, ಚರ್ಚಿನ ಭಾನುವಾರದ ತರಗತಿಯಲ್ಲಿ
ಇವಳ ಬೆರಳು ಹಿಡಿದು ಅಕ್ಷರ ತಿದ್ದಿದವನು,
ಪೆಟ್ರೋಲ್ ಬಂಕಿನಲ್ಲಿ ಗುಂಡು ಹಾರಿಸಿದ್ದ.
ಇಪ್ಪತ್ತು ವರ್ಷ ಎಂದು ಬರೆದು ಬಂದಳು.
"ಲೂಷಿಯಸ್, ನಿಲ್ಲಿಸು."
ಎರಡಕ್ಕೂ ಮೂರಕ್ಕೂ ನಡುವೆ ನಿಲ್ಲಿಸಿದೆ.
ಎದುರಿಗೆ ಬರೀ ಇಟ್ಟಿಗೆ ಗೋಡೆ,
ಯಾವನೋ ಗಾರೆಯವನು ಒತ್ತಿ ಮರೆತ ಹೆಬ್ಬೆರಳ ಗುರುತು.
ಮೇಲಿನಿಂದ ಗಂಟೆ. ಕೆಳಗಿನಿಂದ ಗಂಟೆ.
ವಕೀಲರು ಕೂಗಿದರು, ನನ್ನ ಹೆಸರಿಗೆ ಬೈಗುಳ ಸೇರಿಸಿ.
ನಾನು ಹಿಡಿಕೆಯನ್ನೇ ನೋಡುತ್ತ ನಿಂತೆ.
ಅತ್ತಳೋ ಇಲ್ಲವೋ, ಕೇಳಬೇಡಿ.
ಆಮೇಲೆ ಕಾಲರು ಸರಿಪಡಿಸಿಕೊಂಡು
ಬೆರಳು ಮೇಲಕ್ಕೆ ತೋರಿಸಿದಳು.
ಇನ್ನೂ ಎರಡು ಕೇಸು ಬಾಕಿ ಇತ್ತು.

ಈಗ ಲಿಫ್ಟಿಗೆ ಗುಂಡಿಗಳು; ಒತ್ತಿದರೆ ತಾನೇ ಹೋಗುತ್ತೆ,
ಕೇಳಿದಲ್ಲಿ ಮಾತ್ರ ನಿಲ್ಲುತ್ತೆ.
ಮೂರನೇ ಮಹಡಿಯಲ್ಲಿ ಅವಳ ಚಿತ್ರ, ಚಿನ್ನದ ಚೌಕಟ್ಟು.
ಸೊಂಟದವರೆಗಷ್ಟೇ ಬರೆದಿದ್ದಾರೆ.
ಪೆಟ್ಟಿಗೆ ನನ್ನ ಮನೆಯಲ್ಲಿದೆ.
ಅದರ ಮೇಲೆ ಕೂತು ಬೂಟು ಕಟ್ಟಿಕೊಳ್ಳುತ್ತೇನೆ.