ಬಿಟ್ಟಿದ್ದನ್ನ ಎಲ್ಲಿ ಹಾಕಬೇಕ್ರಿ

ಹಟ್ಟಿಯ ಹೈಸ್ಕೂಲಿನಲ್ಲಿ ಫೆಬ್ರುವರಿ ಅಂದರೆ
ಪ್ರಿಪರೇಟರಿ ಪರೀಕ್ಷೆ, ಮುಗಿಯದ ಪೋರ್ಷನ್,
ಬೋರ್ಡಿನ ಮೇಲೆ ನನ್ನದೇ ದುಂಡು ಅಕ್ಷರ:
ಎರಡು ಸಲ ಓದಿ. ಮುಖ್ಯವಾದದ್ದರ ಕೆಳಗೆ ಗೆರೆ ಎಳೆಯಿರಿ.
ಉದಾಹರಣೆ ಬಿಡಿ, ಹೋಲಿಕೆ ಬಿಡಿ, ಊರು ಹೆಸರು ಬಿಡಿ,
ಉದ್ದ ಪದಗಳನ್ನು ಮೊಟಕು ಮಾಡಿ, ಕೆಳಗೆ ಅದರ ಕೀ ಕೊಡಿ.
ಉಳಿದದ್ದು ಮೂರನೇ ಒಂದು ಭಾಗ ಇರಬೇಕು.
ಅದಕ್ಕೊಂದು ತಲೆಬರಹ.

ಹಿಂದಿನ ಬೆಂಚಿನಿಂದ ಹುಸೇನಪ್ಪ ಎದ್ದ:
‘ಟೀಚರ್, ಬಿಟ್ಟಿದ್ದನ್ನ ಎಲ್ಲಿ ಹಾಕಬೇಕ್ರಿ?’
ಕ್ಲಾಸು ನಕ್ಕಿತು, ನಾನೂ.
‘ಎಲ್ಲೂ ಹಾಕೂದಿಲ್ಲಪಾ, ಬಿಡೂದು ಅಷ್ಟ.’
ಅವನು ಕೂಡಲಿಲ್ಲ, ಕಿಟಕಿಯಾಚೆ ನೋಡಿದ.
ಅಲ್ಲಿ, ಗಣಿಯವರು ಅರೆದು, ಸೋಸಿ, ಬಿಟ್ಟದ್ದು,
ಅವನಪ್ಪ ಹುಟ್ಟುವ ಮೊದಲಿನಿಂದ ಬೆಳೆಯುತ್ತಿರುವ
ಬೂದು ಗುಡ್ಡ.
ಅದರ ಮೇಲೆ ಎರಡು ಆಡು.

ಪರೀಕ್ಷೆಗೆ ಬಂದ ಪ್ಯಾಸೇಜು ಸಮುದ್ರದ್ದು.
ದೀಪಸ್ತಂಭ, ಅದರ ಕಾವಲುಗಾರ,
ಮೂವತ್ತು ವರ್ಷ ಒಂದು ರಾತ್ರಿಯೂ ತಪ್ಪದೆ ದೀಪ ಹಚ್ಚಿದ್ದು.
ಇನ್ನೂರ ನಲವತ್ತು ಪದ.
ನಮ್ಮ ಸೆಕ್ಷನ್ನಿನಲ್ಲಿ ಸಮುದ್ರ ಕಂಡವರು ಇಬ್ಬರು,
ಅದರಲ್ಲೊಬ್ಬಳು ಬಸ್ಸಿನೊಳಗೆ ನಿದ್ದೆ ಹೋಗಿದ್ದಳಂತೆ.

ರಾತ್ರಿ ಕ್ವಾರ್ಟರ್ಸಿನಲ್ಲಿ ಬಂಡಲು ಬಿಚ್ಚಿದೆ.
ನಲವತ್ತು ಕಾವಲುಗಾರರು, ಒಂದೇ ಗೈಡಿನಿಂದ ಎದ್ದು ಬಂದವರು,
ಒಂದೇ ಸಾಲಿನಲ್ಲಿ ಕರ್ತವ್ಯ ಮಾಡಿ ಮಲಗಿದರು.
ಟಿಕ್, ಟಿಕ್, ನಾಲ್ಕು, ನಾಲ್ಕೂವರೆ.
ನಡುವೆ ಮಾನ್ವಿಯಿಂದ ಅವ್ವನ ಫೋನು:
‘ಹೆಂಗದೀಯವಾ?’
‘ಆರಾಮದೀನಿ.’
ಒಂದೇ ಪದ. ನನಗೆ ಐದಕ್ಕೆ ಐದು.

ನಲವತ್ತೊಂದನೆಯದು ಹುಸೇನಪ್ಪನದು.
ಸಾರಾಂಶ, ಮೂರು ಪುಟ.
ಎಣಿಸಿದೆ: ಪ್ಯಾಸೇಜಿಗಿಂತ ತೊಂಬತ್ತೆರಡು ಪದ ಹೆಚ್ಚು.
ಲೈಟ್‌ಹೌಸಿಗೆ ಮೂರು ಬಗೆಯ ಸ್ಪೆಲ್ಲಿಂಗು.
ಅವನ ದೀಪಸ್ತಂಭದ ಮೆಟ್ಟಿಲು ಮೇಲೇರುವುದಿಲ್ಲ,
ಕೆಳಗಿಳಿಯುತ್ತದೆ.
ದೀಪ ತುದಿಯಲ್ಲಿಲ್ಲ, ಕಾವಲುಗಾರನ ಹಣೆಯ ಮೇಲಿದೆ.
ಅವನಿಗೆ ಎಡಗಿವಿ ಮಂದ,
ಹಾಗಾಗಿ ಮನೆಯಲ್ಲಿ ಎಲ್ಲರೂ ಜಗಳಾಡಿದಂತೆ ಮಾತಾಡುತ್ತಾರೆ,
ಜಗಳಾಡುವಾಗ ಮಾತ್ರ ಮೆಲ್ಲಗೆ.
ಬೆಳಗಿನ ಜಾವ ಬಂದವನು ರೊಟ್ಟಿ ಮುರಿಯುವ ಮುಂಚೆ
ಮಲಗಿದ ಮಕ್ಕಳನ್ನು ಎಣಿಸುತ್ತಾನೆ.
ಹಡಗು ಒಂದೂ ಬರುವುದಿಲ್ಲ.

ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದೆ,
ನಾನೇ ಕಲಿಸಿದ ಹಾಗೆ.
ಯಾವುದರ ಕೆಳಗೆ ಗೆರೆ ಎಳೆಯಲಿ?
ಮೂರನೇ ಪುಟದ ಕೊನೆಗೆ ಚೌಕ ಹಾಕಿ, ಅಚ್ಚುಕಟ್ಟಾಗಿ, ಕೀ:
ಎಲ್.ಎಚ್. ಅಂದರೆ ಲೈಟ್‌ಹೌಸ್,
ಕೆ. ಅಂದರೆ ಕೀಪರ್,
ಎನ್.ಎಸ್. ಅಂದರೆ ನೈಟ್ ಶಿಫ್ಟ್.
ಪ್ಯಾಸೇಜಿನಲ್ಲಿ ನೈಟ್ ಶಿಫ್ಟ್ ಎಲ್ಲಿತ್ತು?
ಮತ್ತೆ ಹುಡುಕಿದೆ. ಇರಲಿಲ್ಲ.

ಹತ್ತರ ಸೈರನ್ ಕೂಗಿತು.
ಕ್ಯಾಂಪಿನ ದಾರಿಯಲ್ಲಿ ಟಿಫಿನ್ ಕ್ಯಾರಿಯರುಗಳ ಸದ್ದು,
ಸೈಕಲ್ಲು, ಕೆಮ್ಮು, ಯಾರೋ ಯಾರನ್ನೋ
ಎರಡೆರಡು ಸಲ ಜೋರಾಗಿ ಕರೆದದ್ದು.
ಗುಡ್ಡದ ಕಡೆಯ ಗಾಳಿ. ಕಿಟಕಿ ಹಾಕಿದ್ದರೂ
ಪೇಪರಿನ ಮೇಲೆ ಸಣ್ಣ ಬೂದು ಹುಡಿ.
ಸೆರಗಿನಿಂದ ಒರೆಸಿದೆ.

ಉದ್ದಕ್ಕೆ ಕಳೆದೆ, ಸ್ಪೆಲ್ಲಿಂಗಿಗೆ ಕಳೆದೆ,
ಇಲ್ಲದ್ದನ್ನು ಬರೆದದ್ದಕ್ಕೆ ಕಳೆದೆ.
ಒಂದು ಉಳಿಯಿತು.
ತಲೆಬರಹದ ಜಾಗದಲ್ಲಿ ಚುಕ್ಕಿಗಳ ಸಾಲು ಖಾಲಿ,
ಪಕ್ಕಕ್ಕೆ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ:
‘ಅಪ್ಪನ್ನ ಕೇಳಿ ನಾಳೆ ಬರೀತೀನ್ರಿ.’

ಟೋಟಲ್ ಹಾಕಲಿಲ್ಲ.
ಪೇಪರನ್ನು ಬಂಡಲಿನ ತಳಕ್ಕಿಟ್ಟೆ.
ತಲೆಬರಹಕ್ಕೆ ಅರ್ಧ ಅಂಕ ಇದೆ.