ನೀಲಿ ಎರಿ

ದುರ್ಗದಬೈಲಿನ ಬೆನ್ನಿಗಿರೋ ಓಣ್ಯಾಗ
ಫೋಟೊಕ್ಕ ಕಟ್ಟು ಹಾಕೋ ಅಂಗಡಿ ನಮ್ಮದು.
ದೇವರು, ತೀರಿಕೊಂಡವರು, ಮದುವಿ ಜೋಡಿ,
ಸಾಲಿಗೆ ಮದಲು ಬಂದ ಹುಡುಗರು,
ಎಲ್ಲಾರೂ ಬರತಾರ, ಕಾಜು ಹಾಕಿಸಿಕೊಂಡು ಹೋಗತಾರ.
ಒಂದು ಚಿತ್ರ ಮಾತ್ರ
ಹನ್ನೊಂದು ವರ್ಷದಿಂದ ಗ್ವಾಡಿ ಬಿಟ್ಟಿಲ್ಲ.

ಯಾರು ತಂದಿಟ್ಟರೋ.
ಹಿಂದ ಅಪ್ಪನ ಪೆನ್ಸಿಲ್ಲು: ಬಾಕಿ ಅರವತ್ತು ರೂಪಾಯಿ.
ಹೆಸರು ಬರಕೊಂಡಿಲ್ಲ.
ಚಿತ್ರದಾಗ ಒಂದು ಹೊಲ,
ಬದುವಿಗೆ ಬಾಗಿದ ಒಂದ ಬನ್ನಿಗಿಡ,
ಮತ್ತ ಮಣ್ಣು.
ಮಣ್ಣು ನೀಲಿ.
ಎರಿ ಸೀಮ್ಯಾಗ ಕುಂತು ಯಾರೋ
ಮಣ್ಣಿಗೆ ನೀಲಿ ಬಳದಾರ.

ಕುಬಿಹಾಳ ಮಾಸ್ತರು, ಮೂವತ್ತಾರು ವರ್ಷ
ಹುಡುಗರ ಕೈಲೆ ತಂಬಿಗಿ ಬಿಡಿಸಿದವರು,
ಚಾಳೀಸು ಹಣಿಗೇರಿಸಿ ಅಂದರು:
"ತಪ್ಪು. ಕರೀ ಬಣ್ಣ ತೀರಿತ್ತು,
ಕೈಗೆ ಸಿಕ್ಕದ್ದು ಬಳದಾನ ಅಂವ."
ಕುಸುಗಲ್ಲಿನಿಂದ ಮದಲನೇ ಬಸ್ಸಿಗೆ
ಮೆಂತೆಪಲ್ಲೆ ಹೊತ್ತು ಬರೋ ಜೈತೂನಬಿ
ಬುಟ್ಟಿ ಸುದ್ದಾ ಇಳಸಲಿಲ್ಲ:
"ಅಂವ ಅಂತ ಯಾರು ಹೇಳಿದರು? ಅಕಿ ಇರಬೌದು.
ಮಾಸ್ತರ, ನೀವು ಎಂಟಕ್ಕ ಏಳವರು.
ಮಳಿ ಬಿದ್ದ ಮರುದಿನ ಐದಕ್ಕೆದ್ದು ನೋಡ್ರಿ,
ನೀಲಿ ಅಲ್ಲಂದ್ರ ಈ ಬುಟ್ಟಿ ನಿಮ್ಮದು."

ನನಗ ಮದಮದಲ ಹೆದರಿಕಿ.
ಗಿರಾಕಿ ಮುಂದ ದನಿ ಏರತಿದ್ದವು.
ಒಂದಿನ ಚಿತ್ರ ಇಳಿಸಿ ಅಟ್ಟಕ್ಕ ಹೊಂಟೆ.
ಅಪ್ಪ ಗರಗಸ ನಿಲ್ಲಿಸಿದ.
ವಾರಿ ಕೊಯ್ದ ಎರಡು ಪಟ್ಟಿ ಎತ್ತಿದ,
ಒಂದರ ವಾರಿ ಎಡಕ್ಕ, ಒಂದರದು ಬಲಕ್ಕ.
"ಎರಡೂ ಒಂದ ಕಡೆ ಕೊಯ್ದರ
ಮೂಲಿ ಕೂಡತೈತೇನವಾ?"
ಅಷ್ಟ. ಮತ್ತ ಗರಗಸ.
ಚಿತ್ರ ಮತ್ತ ಮೊಳಿಗೆ ಹೋತು.

ಒಂದ ಸಲ ಜೈತೂನಬಿ ಸೆರಗಿನ ಗಂಟಿನಾಗ
ಹೊಲದ ಮಣ್ಣ ಕಟ್ಟಿಕೊಂಡು ಬಂದಳು, ಸಾಕ್ಷಿಗೆ.
ಬಿಚ್ಚಿದರ ಕಾಡಿಗಿ ಹಂಗ ಕರ‍್ರಗ.
ಮಾಸ್ತರು ಟೇಬಲ್ ಬಡದು ನಕ್ಕರು.
ಆಕಿನೂ ನಕ್ಕಳು, ಸೋಲಲಿಲ್ಲ:
"ಗಂಟು ಕಟ್ಟಿ ತಂದಮ್ಯಾಲ
ಎಲ್ಲಾ ಕರೀನ ಬಿಡ್ರಿ."
ಆ ಮಣ್ಣು ಇನ್ನೂ ಐತಿ,
ಸರಸಿನ ಡಬ್ಬಿ ಬಾಜೂಕ, ಕಾಗದದ ಪುಡಕ್ಯಾಗ.

ಹೋದ ವರ್ಷ ಮಣಕಾಲು ಆಪರೇಶನ್.
ಆರು ವಾರ ಆಕಿ ಬರಲಿಲ್ಲ.
ಮಾಸ್ತರು ದಿನಾ ಬಂದರು,
ಅದ ಸ್ಟೂಲಿನ ಮ್ಯಾಲ ಕುಂತರು.
"ನೀಲಿ ಅಂತೂ ಅಲ್ಲ," ಅಂದರು.
ಯಾರೂ ಏನೂ ಅನಲಿಲ್ಲ.
ಗ್ವಾಡಿ ಮ್ಯಾಲ
ಬರೇ ಬಣ್ಣ ಹಚ್ಚಿದ ಹಾಳಿ ಇತ್ತು ಆವತ್ತು,
ನನಗೂ ಗಿಡ ಕಾಣಲಿಲ್ಲ.

ತಿರಗಿ ಬಂದ ದಿನ ಕೋಲು ಊರಿಕೊಂಡು
ಆಕಿ ಹೊಸ್ತಿಲಾ ದಾಟೋದ ತಡ,
ಮಾಸ್ತರು ಕಳ್ಳತನಾ ಒಪ್ಪಿಕೊಂಡವರಂಗ ಅಂದರು:
"ಹೋಗಿದ್ದೆ. ಕುಸುಗಲ್ಲ ರೋಡಿಗೆ. ಐದಕ್ಕ.
ನೀಲಿ ಅಲ್ಲ.
ಆದರ ಕರೀನೂ ಅಲ್ಲ.
ಏನನ್ನಬೇಕು ಗೊತ್ತಾಗವಲ್ದು."
ಜೈತೂನಬಿ ಕಾಲು ನೀಡಿ ಕುಂತಳು.
"ನಂಗೂ ದವಾಖಾನ್ಯಾಗ ಮಲಗಿದಾಗ ಅನಸ್ತು,
ಬಣ್ಣ ತೀರಿದ್ದಕ್ಕೂ ಇರಬೌದು.
ಇದ್ದದ್ದರಾಗ ಮುಗಿಸೋದು
ನಮಗೇನು ಹೊಸದಾ?"
"ಛೇ, ಹಂಗ ಸೋವಿ ಮಾಡಬ್ಯಾಡ ಅದನ್ನ,"
ಮಾಸ್ತರು ಎದ್ದ ನಿಂತರು,
"ಅಷ್ಟು ವಿಚಾರಿಲ್ದ ಹಚ್ಚಿದ ನೀಲಿ ಅಲ್ಲ ಅದು!"

ಅಪ್ಪ ಈಗ ಬಾಜೂಕ ತೂಗ್ಯಾನ,
ತಾನ ಕೊಯ್ದಿಟ್ಟಿದ್ದ ಸಾಗವಾನಿ ಪಟ್ಟ್ಯಾಗ.
ಒಂದ ಮೂಲ್ಯಾಗ ಕೂದಲೆಳಿಯಷ್ಟು ಸಂದು,
ನನ್ನ ಕೈ ತಪ್ಪು. ತುಂಬಿಲ್ಲ ಅದನ್ನ.

ಅಷ್ಟರಾಗ ಕರೆಂಟು ಹೋತು.
ಹೊಲ, ಗಿಡ, ಅಪ್ಪ, ಎಲ್ಲಾ ಒಂದ ಬಣ್ಣ.
ಕತ್ತಲದಾಗೂ ಇಬ್ಬರ ಬೆರಳು
ಗ್ವಾಡಿ ಕಡೇನ ಇದ್ದವಂತ ಕಾಣತೈತಿ,
"ಇಲ್ಲಿ ನೋಡು" "ನೀವು ಇಲ್ಲಿ ನೋಡ್ರಿ" ನಡದಿತ್ತು.
ನಾ ತಡವರಿಸಿಕೋಂತ ಹೊರಗ ಬಂದೆ,
ಎರಡರಾಗ ಮೂರು ಚಾ ಹೇಳಾಕ.