ಟ್ಯೂಬು ನಲವತ್ತೊಂದು

ಗೆರ್ಮಾಳದ ಶಾಲೆಯ ಜಗುಲಿಯಲ್ಲಿ ಎರಡು ಬೆಂಚು ಕೂಡಿಸಿ
ಅದನ್ನೇ ಲ್ಯಾಬು ಅನ್ನುತ್ತಿದ್ದೇವೆ.
ಟ್ಯೂಬಿನ ಹಿಂದೆ ಬಿಳಿ ರಟ್ಟು, ರಟ್ಟಿನ ಮೇಲೆ ಕಪ್ಪು ಗೆರೆ.
ನೆತ್ತರು ತಿಳಿಯಾಗಿ ಗೆರೆ ಕಂಡರೆ ಮನೆಗೆ ಹೋಗಬಹುದು.
ಮಬ್ಬಾಗಿ ಗೆರೆ ಮುಳುಗಿದರೆ ಇನ್ನೊಂದು ಸೂಜಿ,
ಐಸ್ ಡಬ್ಬಿಯಲ್ಲಿ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು,
ಮೂರು ವಾರ.

ಜಡೆಮಾದಿಯದು ಹಾಗೆ ಇಳಿದು ಹೋಗಿ
ಇವತ್ತು ಹತ್ತಿ ಬಂದಿದೆ.
ಹೆಸರು ತಮಿಳಿನಲ್ಲಿ, ಫಲಿತಾಂಶ ಇಂಗ್ಲಿಷಿನಲ್ಲಿ:
ಹೆಟೆರೋಜೈಗಸ್.
ಕನ್ನಡದಲ್ಲಿ ಹೇಳಬೇಕಾದವಳು ನಾನು.

ಪುಸ್ತಕದಲ್ಲಿ ಒಂದು ಮಾತಿದೆ, ವಿಷಮಯುಗ್ಮಜ.
ಹೇಳಿದೆನೋ ಕೆಟ್ಟೆ:
ಈ ಜಗುಲಿಗೆ ಅದರ ಮೊದಲೆರಡು ಅಕ್ಷರವಷ್ಟೇ ಕೇಳಿಸುತ್ತದೆ.

ಸತ್ಯಮಂಗಲದ ಕಾಲೇಜಿನಲ್ಲಿ ಪೂಂಗೊಡಿ ಮೇಡಂ ಬರೆಸಿದ್ದರು,
ಹೆಟೆರೋ ಗ್ರೀಕರದು, ಬೇರೆ ಅಂತ. ಜೈಗ ಅಂದರೆ ನೊಗ.
ಹಲಸಿನ ಸಸಿಯನ್ನು ಕಿಟಕಿಗೆ ತಂದಿಟ್ಟು
ಎಳೆಯದರಲ್ಲಿ ಸೀಳೆಲೆ, ಬೆಳೆದ ಮೇಲೆ ಸೀಳಿಲ್ಲದ್ದು,
ಮರ ಒಂದೇ ನೋಡಿ: ಹೆಟೆರೋಫಿಲಿ.
ಹಾಸ್ಟೆಲಿನ ಬೆಕ್ಕಿಗೆ ಒಂದು ಕಣ್ಣು ನೀಲಿ, ಒಂದು ಜೇನು:
ಹೆಟೆರೋಕ್ರೋಮಿಯ. ಎರಡು ಮಾರ್ಕಿನ ಪ್ರಶ್ನೆ.
ಆಗ ಬೇರೆ ಎಂಬುದು ಎಷ್ಟು ಚೆಂದವಿತ್ತು.

ನೊಗವನ್ನೇ ಹಿಡಿದೆ.
ನಮ್ಮಪ್ಪ ತಾಳವಾಡಿಯ ಹೊಲದಲ್ಲಿ
ಕೆಂದೆತ್ತಿನ ಜೊತೆ ಕುಂಟು ಕರಿಯನನ್ನು ಹೂಡಿದ ಹಾಗೆ, ಕೇತವ್ವ,
ನೊಗ ಒಂದು, ಎತ್ತು ಎರಡು ಥರ.
ಒಂದು ನೆಟ್ಟಗೆ, ಒಂದು ಬಾಗಿ. ಗಾಡಿ ಹೋಗುತ್ತದೆ.

ಕೇತವ್ವ ಎಲೆಯಡಿಕೆಯನ್ನು ಕೆನ್ನೆಯಿಂದ ಕೆನ್ನೆಗೆ ದಾಟಿಸಿದಳು.
"ನಾವು ನೊಗ ಕಟ್ಟಿದ ಜನ ಅಲ್ಲ ಕನವ್ವ.
ಕೊಡ್ಲಿ, ಅಗೆಗೋಲು. ಎತ್ತಿನ ಮಾತು ನಮಗ್ಯಾಕ?
ಆ ಚೀಟೀಲಿ ಯಾನ ಬರದದ, ಅದ ಹೇಳು."

ಓದಿದೆ. ಹೆಟೆರೋ…
"ಹೆತ್ತೋರಾ?"

ಮುಂದಿನ ಮಾತು ಮರೆತೇಹೋಯಿತು.
ಹೌದು, ಹೆತ್ತೋರು.
ಅವ್ವನಿಂದ ಒಂದು, ಅಪ್ಪನಿಂದ ಒಂದು,
ಒಂದು ದುಂಡಗೆ, ಒಂದು ಕುಡುಗೋಲು.
ಇವಳಿಗೆ ನೋವಿಲ್ಲ, ಹೊತ್ತುಕೊಂಡಿದ್ದಾಳೆ ಅಷ್ಟೆ.
ಕಾಡೆಲ್ಲ ಚಳಿಜ್ವರ ಹಿಡಿದಿದ್ದ ಕಾಲದಲ್ಲಿ
ಆ ಬಾಗಿದ್ದೇ ನಿಮ್ಮ ಮಕ್ಕಳನ್ನು ಕಾದದ್ದಿರಬೇಕು.

"ಇವಳವ್ವ ಒಬ್ಬಳು ಉಳದ್ಲು," ಎಂದಳು ಕೇತವ್ವ.
ಉಳಿದವರ ಲೆಕ್ಕ ಹೇಳಲಿಲ್ಲ.

ಹುಡುಗ ಕಟ್ಟೆಯ ಮೇಲಿದ್ದಾನೆ, ಅಚ್ಚುಗ,
ಹತ್ತಿ ಒತ್ತಿದ ತೋಳು ಮಡಚಿ. ಮಾಘಕ್ಕೆ ಮದುವೆ.
ಅವನದೂ ಹೀಗೇ ಆದರೆ ನಾಲ್ಕರಲ್ಲೊಂದು ಎಂದು ಹೇಳಬೇಕು,
ನಾಲ್ಕು ಬೆರಳೆತ್ತಿ ಒಂದನ್ನು ಮಡಚಿ ತೋರಿಸಲು
ತರಬೇತಿಯಲ್ಲಿ ಕಲಿಸಿದ್ದಾರೆ. ಮಡಚಿದ್ದು ಯಾವ ಮಗು
ಎಂದು ಯಾರಾದರೂ ಕೇಳಿದರೆ ಏನೆನ್ನಬೇಕೆಂದು ಕಲಿಸಿಲ್ಲ.

"ಒಂದೇ ಕುಲದೊಳಗ ನಾವು ಕೊಟ್ಟೋರಲ್ಲ, ತಂದೋರಲ್ಲ,"
ಕೇತವ್ವನ ದನಿ ಏರಿತು,
"ಅವರದು ಬೇರೆ ಕುಲ. ಬೇರೆ ಅಂತ ನೋಡೇ ಮಾತು ಕೊಟ್ಟದ್ದು."

ಆ ಬೇರೆಗೂ ಈ ಬೇರೆಗೂ ನಡುವೆ
ಟ್ಯೂಬು ನಲವತ್ತೊಂದು. ಐದು ನಿಮಿಷ ಬಿಡಬೇಕು.
ಶಾಲೆಯ ಗಡಿಯಾರ ನಿಂತಿದೆ, ಫೋನಿನಲ್ಲಿ ನೋಡುತ್ತಿದ್ದೇನೆ.
ಜಡೆಮಾದಿ ಎದ್ದು ಬಂದು ರಟ್ಟಿನ ಮುಂದೆ ಬಗ್ಗಿದಳು.
"ಗೆರ ಕಾಣ್ತದ," ಎಂದಳು.
"ನನಗ ಕಾಣಾಕಿಲ್ಲ," ಎಂದಳು ಕೇತವ್ವ, ಪೊರೆಗಣ್ಣು ಕಿರಿದು ಮಾಡಿ.
ಹುಡುಗ ನನ್ನ ಕಡೆ ನೋಡಿದ.

ಸೆರಗಿನಿಂದ ಕನ್ನಡಕ ಒರೆಸಿಕೊಂಡೆ.
ಒರೆಸುತ್ತಲೇ ಇದ್ದೆ.